ವಿಎಲ್‌ಸಿಯ ವಿಂಡೋಸ್ ಫೈಲ್ ತಯಾರಾಗೋದು ಲಿನಕ್ಸ್‌ನಲ್ಲಿ! ಹೇಗೆ, ಯಾಕೆ, ನಮಗೇನು ಸಂಬಂಧ?

ಬಸ್ ಸ್ಟ್ಯಾಂಡ್ ಎದುರಿನ ಝೆರಾಕ್ಸ್ ಅಂಗಡಿ ಇರಲಿ, ಮದುವೆ ವಿಡಿಯೋ ಎಡಿಟ್ ಮಾಡುವ ಸ್ಟುಡಿಯೋ ಇರಲಿ, ಶಾಲೆಯ ಕಂಪ್ಯೂಟರ್ ಕೊಠಡಿ ಇರಲಿ, ಪಿಸಿ ಆನ್ ಮಾಡಿದರೆ ಕಿತ್ತಳೆ-ಬಿಳಿ ಪಟ್ಟೆಯ ಟ್ರಾಫಿಕ್ ಕೋನ್ ಚಿತ್ರ ಸಾಮಾನ್ಯವಾಗಿ ಕಣ್ಣಿಗೆ ಬೀಳುತ್ತದೆ. ಅದೇ ವಿಎಲ್‌ಸಿ ಪ್ಲೇಯರ್. ಯಾವ ವಿಡಿಯೋ ಕೊಟ್ಟರೂ ಓಡಿಸುತ್ತೆ, ದುಡ್ಡು ಕೇಳಲ್ಲ, ಜಾಹೀರಾತು ತೋರಿಸಲ್ಲ.

ನಮ್ಮ ಕಡೆ ಇದು ಓಡುವುದು ಹೆಚ್ಚಾಗಿ ವಿಂಡೋಸ್ ಪಿಸಿಗಳಲ್ಲಿ. ಆದರೆ ಈ ವಿಂಡೋಸ್ ಫೈಲ್ ತಯಾರಾಗೋದು ವಿಂಡೋಸ್‌ನಲ್ಲಿ ಅಲ್ಲ. ಫ್ರಾನ್ಸ್ ದೇಶದ ಪ್ಯಾರಿಸ್‌ನಲ್ಲಿರುವ ವಿಡಿಯೋಲ್ಯಾನ್ ಎಂಬ ಲಾಭರಹಿತ ಸಂಸ್ಥೆಯವರು ಲಿನಕ್ಸ್ ಮೆಷಿನ್‌ಗಳಲ್ಲಿ, 'ಕಂಟೇನರ್' ಎಂಬ ಮುಚ್ಚಿದ ಡಬ್ಬಿಯೊಳಗೆ, ಮನುಷ್ಯರ ಕೈ ಸೋಕದಂತೆ ಇದನ್ನು ತಯಾರಿಸುತ್ತಾರೆ. ಪ್ರತಿದಿನ ಹೊಸ ಪರೀಕ್ಷಾ ಆವೃತ್ತಿ ಹೊರಬರುತ್ತದೆ.

ಇದೆಲ್ಲ ಸಾಫ್ಟ್‌ವೇರ್ ಇಂಜಿನಿಯರ್‌ಗಳ ವಿಷಯ, ನಮಗ್ಯಾಕೆ ಅನ್ನಬೇಡಿ. ನಿಮ್ಮ ಅಂಗಡಿಯ ಪಿಸಿಯಲ್ಲಿ ಬಿಲ್ಲಿಂಗ್ ಇದೆ, ಗ್ರಾಹಕರ ಆಧಾರ್ ಸ್ಕ್ಯಾನ್ ಇದೆ, ಬ್ಯಾಂಕ್ ಲಾಗಿನ್ ಇದೆ. ಅದೇ ಪಿಸಿಗೆ ನೀವು ಇನ್‌ಸ್ಟಾಲ್ ಮಾಡುವ ಫೈಲ್ ಎಲ್ಲಿ ಹುಟ್ಟಿತು, ಯಾರು ಮಾಡಿದರು, ದಾರಿಯಲ್ಲಿ ಯಾರಾದರೂ ಕೈ ಹಾಕಿದರಾ ಅನ್ನೋದು ನಿಮ್ಮ ವ್ಯಾಪಾರದ ಪ್ರಶ್ನೆಯೇ.

2022ರಲ್ಲಿ ಭಾರತದಲ್ಲಿ ಏನಾಯ್ತು?

2022ರ ಫೆಬ್ರವರಿ ಹೊತ್ತಿಗೆ ವಿಡಿಯೋಲ್ಯಾನ್ ವೆಬ್‌ಸೈಟ್ ಭಾರತದಲ್ಲಿ ತೆರೆಯುವುದೇ ನಿಂತುಹೋಯಿತು. ಹಲವು ತಿಂಗಳು ಜನರಿಗೆ ಕಾರಣವೇ ತಿಳಿಯಲಿಲ್ಲ. ಆ ವರ್ಷದ ಅಕ್ಟೋಬರ್‌ನಲ್ಲಿ ಸಂಸ್ಥೆಯು ಇಂಟರ್ನೆಟ್ ಫ್ರೀಡಂ ಫೌಂಡೇಶನ್ ನೆರವಿನಿಂದ ಸರ್ಕಾರಕ್ಕೆ ಕಾನೂನು ನೋಟಿಸ್ ಕಳಿಸಿತು. ನವೆಂಬರ್‌ನಲ್ಲಿ ನಿರ್ಬಂಧ ತೆರವಾಯಿತು.

ಅದೇ ವರ್ಷ ಏಪ್ರಿಲ್‌ನಲ್ಲಿ ಸಿಮ್ಯಾಂಟೆಕ್ ಕಂಪನಿ ಒಂದು ವರದಿ ಕೊಟ್ಟಿತ್ತು. 'ಸಿಕಾಡಾ' ಎಂಬ ಹ್ಯಾಕರ್ ಗುಂಪು ಅಸಲಿ ವಿಎಲ್‌ಸಿ ಪ್ಲೇಯರ್ ಅನ್ನೇ ಬಳಸಿಕೊಂಡು, ಅದರ ಜೊತೆಗೆ ತನ್ನ ಕಳ್ಳ ಫೈಲ್ ಇಟ್ಟು, ವಿಎಲ್‌ಸಿ ಮೂಲಕವೇ ಅದನ್ನು ಓಡಿಸುತ್ತಿತ್ತು ಎಂಬುದು ಅದರ ಸಾರ. ವಿಎಲ್‌ಸಿಯಲ್ಲಿ ದೋಷ ಇರಲಿಲ್ಲ. ಪಕ್ಕದಲ್ಲಿ ಕೂರಿಸಿದ ಫೈಲ್‌ನಲ್ಲಿ ವಿಷ ಇತ್ತು.

ಅಸಲಿ ಬಾಗಿಲು ಮುಚ್ಚಿದರೆ ಜನ ಸುಮ್ಮನಿರುವುದಿಲ್ಲ. ಗೂಗಲ್‌ನಲ್ಲಿ ಹುಡುಕಿ ಸಿಕ್ಕ ಸೈಟಿನಿಂದ ಇಳಿಸಿಕೊಳ್ಳುತ್ತಾರೆ, ಇಲ್ಲವೇ ಪಕ್ಕದ ಅಂಗಡಿಯ ಪೆನ್‌ಡ್ರೈವ್‌ನಿಂದ ಕಾಪಿ ಮಾಡಿಕೊಳ್ಳುತ್ತಾರೆ. ಆಗ ಹುಟ್ಟುವ ಪ್ರಶ್ನೆ ಒಂದೇ: ಈ ಫೈಲ್ ಅಸಲಿಯಾ? ಇದಕ್ಕೆ ಉತ್ತರ ಬೇಕಾದರೆ ಫೈಲ್ ತಯಾರಾಗುವ ಜಾಗವನ್ನು ಮೊದಲು ನೋಡಬೇಕು.

ಸೋರ್ಸ್ ಕೋಡ್ ಅಂದ್ರೆ ಕಾಳು, ಇಎಕ್ಸ್‌ಇ ಅಂದ್ರೆ ಹಿಟ್ಟು

ಪ್ರೋಗ್ರಾಂ ಬರೆಯುವವರು ಬರೆಯುವುದು ಮನುಷ್ಯರು ಓದಬಹುದಾದ ಸಾಲುಗಳನ್ನು. ಅದು ಸೋರ್ಸ್ ಕೋಡ್. ಕಂಪ್ಯೂಟರ್‌ಗೆ ಅದು ನೇರವಾಗಿ ಅರ್ಥವಾಗುವುದಿಲ್ಲ. ಕಂಪೈಲರ್ ಎಂಬ ಇನ್ನೊಂದು ಪ್ರೋಗ್ರಾಂ ಅದನ್ನು ಬೀಸಿ ಮೆಷಿನ್ ಭಾಷೆಗೆ ಇಳಿಸುತ್ತದೆ. ಹಾಗೆ ಹೊರಬಂದದ್ದೇ ನಾವು ಡಬಲ್ ಕ್ಲಿಕ್ ಮಾಡುವ ಇಎಕ್ಸ್‌ಇ ಫೈಲ್.

ಗಿರಣಿ ಕೆಲಸ ಅಂತಲೇ ಇಟ್ಟುಕೊಳ್ಳಿ. ಕಾಳು ನೋಡಿದರೆ ಕಲ್ಲು ಇದೆಯಾ, ಹುಳ ಇದೆಯಾ ಗೊತ್ತಾಗುತ್ತೆ. ಹಿಟ್ಟಾದ ಮೇಲೆ ಕಣ್ಣಿಗೆ ಏನೂ ಗೊತ್ತಾಗಲ್ಲ. ಓಪನ್ ಸೋರ್ಸ್ ಅಂದರೆ ಕಾಳನ್ನು ಎಲ್ಲರ ಎದುರು ಹರಡಿ ಇಡುವುದು. ಯಾರು ಬೇಕಾದರೂ ನೋಡಬಹುದು, ಬೀಸಿಕೊಳ್ಳಬಹುದು, ಬದಲಿಸಬಹುದು. ವಿಎಲ್‌ಸಿ 1996ರಲ್ಲಿ ಪ್ಯಾರಿಸ್‌ನ ಎಕೋಲ್ ಸಾಂತ್ರಾಲ್ ಕಾಲೇಜಿನ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ ಶುರುವಾಯಿತು. 2001ರ ಫೆಬ್ರವರಿಯಲ್ಲಿ ಓಪನ್ ಸೋರ್ಸ್ ಆಗಿ ಬಿಡುಗಡೆಯಾಯಿತು.

ಆದರೆ ನಾವ್ಯಾರೂ ಕಾಳು ತಂದು ಬೀಸುವುದಿಲ್ಲ. ಹಿಟ್ಟಿನ ಪ್ಯಾಕೆಟ್ಟನ್ನೇ ಒಯ್ಯುತ್ತೇವೆ. ಹಾಗಾಗಿ ಕಾಳು ಎಷ್ಟೇ ಶುದ್ಧವಾಗಿದ್ದರೂ ಗಿರಣಿ ಶುದ್ಧವಾಗಿಲ್ಲದಿದ್ದರೆ ಪ್ರಯೋಜನವಿಲ್ಲ.

ಇದು ಬರೀ ಭಯ ಅಲ್ಲ, ನಡೆದಿದೆ. 2015ರಲ್ಲಿ ಚೀನಾದ ಹಲವು ಆ್ಯಪ್ ತಯಾರಕರು ಆ್ಯಪಲ್‌ನ ಎಕ್ಸ್‌ಕೋಡ್ ಎಂಬ ಸಲಕರಣೆಯನ್ನು ಅಸಲಿ ಸೈಟ್ ಬಿಟ್ಟು ಬೇರೆ ಕಡೆಯಿಂದ ಇಳಿಸಿಕೊಂಡರು. ಅದು ಕಲಬೆರಕೆಯದು. ಆ ಗಿರಣಿಯಲ್ಲಿ ಬೀಸಿದ ಆ್ಯಪ್‌ಗಳಿಗೆಲ್ಲ ವಿಷ ಸೇರಿತು. ವಿಚಾಟ್‌ನಂಥ ದೊಡ್ಡ ಆ್ಯಪ್ ಕೂಡ ಅದರಲ್ಲಿತ್ತು.

ಇನ್ನೊಂದು ನಮಗೆ ಹತ್ತಿರದ್ದು. ಪಿಸಿ ಸ್ಪೀಡ್ ಆಗಲಿ ಅಂತ ನಮ್ಮ ರಿಪೇರಿಯವರು ಹಾಕಿಕೊಡುವ ಸಿಕ್ಲೀನರ್ ನೆನಪಿದೆಯಲ್ಲ? 2017ರ ಸೆಪ್ಟೆಂಬರ್‌ನಲ್ಲಿ ಅದರ 5.33 ಆವೃತ್ತಿಯಲ್ಲಿ ಮಾಲ್‌ವೇರ್ ಪತ್ತೆಯಾಯಿತು. ಫೈಲ್ ಇದ್ದದ್ದು ಕಂಪನಿಯ ಅಸಲಿ ಸೈಟಿನಲ್ಲೇ, ಕಂಪನಿಯ ಅಸಲಿ ಡಿಜಿಟಲ್ ಸಹಿಯೂ ಇತ್ತು. ಸುಮಾರು 22 ಲಕ್ಷಕ್ಕೂ ಹೆಚ್ಚು ಪಿಸಿಗಳಿಗೆ ಅದು ತಲುಪಿತ್ತು. ಅಂದರೆ ಕಳ್ಳರು ನುಗ್ಗಿದ್ದು ಅಂಗಡಿಗಲ್ಲ, ಗಿರಣಿಗೆ.

ಲಿನಕ್ಸ್‌ನಲ್ಲಿ ಕೂತು ವಿಂಡೋಸ್ ಫೈಲ್ ಹೇಗೆ ಮಾಡ್ತಾರೆ?

ಒಂದು ಮೆಷಿನ್‌ನಲ್ಲಿ ಕೂತು ಇನ್ನೊಂದು ಬಗೆಯ ಮೆಷಿನ್‌ಗೆ ಪ್ರೋಗ್ರಾಂ ತಯಾರಿಸುವುದಕ್ಕೆ ಕ್ರಾಸ್ ಕಂಪೈಲಿಂಗ್ ಅಂತಾರೆ. ಕೇಳೋಕೆ ವಿಚಿತ್ರ ಅನ್ನಿಸಿದರೂ ನಾವು ದಿನಾ ನೋಡುವ ಕೆಲಸವೇ. ಊರಲ್ಲಿರುವ ಹೆಣ್ಣುಮಗಳಿಗೆ ಬೇರೆ ಊರಿನ ಟೈಲರ್ ಬ್ಲೌಸ್ ಹೊಲಿಯಬೇಕು ಅಂದ್ರೆ ಆಕೆಯೇ ಹೋಗಿ ನಿಲ್ಲಬೇಕಿಲ್ಲ. ಅಳತೆ ಬ್ಲೌಸ್ ಕಳಿಸಿದರೆ ಸಾಕು.

ಇಂಟೆಲ್ ಅಥವಾ ಎಎಂಡಿ ಪ್ರೊಸೆಸರ್‌ಗೆ ವಿಂಡೋಸ್, ಲಿನಕ್ಸ್ ಎಂಬ ಭೇದ ಇಲ್ಲ. ಎರಡು ಸಂಖ್ಯೆ ಕೂಡಿಸುವ ಆಜ್ಞೆ ಎರಡರಲ್ಲೂ ಒಂದೇ. ವ್ಯತ್ಯಾಸ ಇರುವುದು ಮುಖ್ಯವಾಗಿ ಎರಡು ಕಡೆ.

ಒಂದು, ಫೈಲ್‌ನ ಹೊರ ಕವಚ. ಯಾವುದೇ ಇಎಕ್ಸ್‌ಇ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ. ಅರ್ಥವಾಗದ ಚಿಹ್ನೆಗಳ ನಡುವೆ ಮೊಟ್ಟಮೊದಲ ಎರಡು ಅಕ್ಷರ 'ಎಂ' ಮತ್ತು 'ಝಡ್' ಆಗಿರುತ್ತವೆ. ಈ ಫೈಲ್ ರಚನೆ ರೂಪಿಸಿದ ಮೈಕ್ರೋಸಾಫ್ಟ್ ಇಂಜಿನಿಯರ್ ಮಾರ್ಕ್ ಝ್ಬಿಕೋವ್ಸ್ಕಿ ಅವರ ಹೆಸರಿನ ಅಕ್ಷರಗಳು ಅವು. ಲಿನಕ್ಸ್ ಫೈಲ್‌ಗಳ ಕವಚ ಬೇರೆ, ಅದಕ್ಕೆ 'ಇಎಲ್‌ಎಫ್' ಎಂದು ಹೆಸರು.

ಎರಡು, ಕೇಳುವ ರೀತಿ. ಫೈಲ್ ತೆರೆ, ಕಿಟಕಿ ತೋರಿಸು, ಶಬ್ದ ಹೊರಡಿಸು ಅಂತ ಪ್ರೋಗ್ರಾಂ ಆಪರೇಟಿಂಗ್ ಸಿಸ್ಟಂ ಅನ್ನು ಕೇಳುತ್ತಲೇ ಇರುತ್ತದೆ. ವಿಂಡೋಸ್‌ನಲ್ಲಿ ಈ ಕೆಲಸಗಳು ಡಿಎಲ್‌ಎಲ್ ಎಂಬ ಫೈಲ್‌ಗಳ ಒಳಗಿವೆ. ಪ್ರೋಗ್ರಾಂ ತಯಾರಿಸುವಾಗ ಆ ಡಿಎಲ್‌ಎಲ್‌ಗಳೇ ಬೇಕಿಲ್ಲ. ಯಾವ ಡಿಎಲ್‌ಎಲ್‌ನಲ್ಲಿ ಯಾವ ಕೆಲಸಕ್ಕೆ ಯಾವ ಹೆಸರು, ಹೇಗೆ ಕೇಳಬೇಕು ಎಂಬ ಪಟ್ಟಿ ಇದ್ದರೆ ಸಾಕು. ಅದೇ ಅಳತೆ ಬ್ಲೌಸ್.

ಈ ಪಟ್ಟಿಯನ್ನು ಮುಕ್ತವಾಗಿ ಸಿದ್ಧಪಡಿಸಿ ಕೊಡುವ ಯೋಜನೆಯ ಹೆಸರು ಮಿನ್‌ಜಿಡಬ್ಲ್ಯೂ-ಡಬ್ಲ್ಯೂ64. ಡೆಬಿಯನ್, ಉಬುಂಟು ಮುಂತಾದ ಲಿನಕ್ಸ್‌ಗಳಲ್ಲಿ ಒಂದೇ ಕಮಾಂಡ್‌ಗೆ ಇದು ಇನ್‌ಸ್ಟಾಲ್ ಆಗುತ್ತದೆ. ಇದರ ಜೊತೆ ಜಿಸಿಸಿ ಅಥವಾ ಕ್ಲ್ಯಾಂಗ್ ಎಂಬ ಕಂಪೈಲರ್ ಸೇರಿಸಿದರೆ ಲಿನಕ್ಸ್‌ನಲ್ಲೇ ವಿಂಡೋಸ್ ಫೈಲ್ ಸಿದ್ಧ. ಹೊಸ ಎಆರ್‌ಎಂ ಪ್ರೊಸೆಸರ್‌ನ ವಿಂಡೋಸ್ ಲ್ಯಾಪ್‌ಟಾಪ್‌ಗೂ ಇದೇ ರೀತಿ ಮಾಡಬಹುದು. ತಯಾರಿಸುವವರ ಬಳಿ ಆ ಲ್ಯಾಪ್‌ಟಾಪ್ ಇರಲೇಬೇಕು ಅಂತಿಲ್ಲ.

ಹಳೇ ಪಿಸಿ ಇಟ್ಟುಕೊಂಡಿರುವ ಅಂಗಡಿಯವರಿಗೂ ಇದರಲ್ಲಿ ಲಾಭ ಇದೆ. ಎಷ್ಟು ಹಳೆಯ ವಿಂಡೋಸ್‌ವರೆಗೆ ಓಡಬೇಕು ಅನ್ನೋದನ್ನು ತಯಾರಿಸುವಾಗಲೇ ಗೊತ್ತು ಮಾಡಬಹುದು. 2018ರಲ್ಲಿ ಬಂದ ವಿಎಲ್‌ಸಿ 3.0 ವಿಂಡೋಸ್ ಎಕ್ಸ್‌ಪಿ ಸರ್ವೀಸ್ ಪ್ಯಾಕ್ 3ರಲ್ಲೂ ಓಡುವಂತೆ ತಯಾರಾಗಿತ್ತು.

ನೇರವಾಗಿ ವಿಂಡೋಸ್‌ನಲ್ಲೇ ಮಾಡಿದರೆ ಏನು?

ಮಾಡಬಹುದು, ಬಹಳ ಜನ ಮಾಡುತ್ತಾರೆ. ಆದರೆ ವಿಎಲ್‌ಸಿಯಂಥ ಯೋಜನೆಗೆ ಮೂರು ತೊಂದರೆ.

ಮೊದಲನೆಯದು, ವಿಎಲ್‌ಸಿ ಒಂಟಿ ಪ್ರೋಗ್ರಾಂ ಅಲ್ಲ. ಬೇರೆಯವರು ಬರೆದ ಹತ್ತಾರು ಮುಕ್ತ ಲೈಬ್ರರಿಗಳನ್ನು ಸೇರಿಸಿ ಕಟ್ಟಿದ್ದು. ಇವುಗಳಲ್ಲಿ ಹೆಚ್ಚಿನವು ಯೂನಿಕ್ಸ್, ಲಿನಕ್ಸ್ ಲೋಕದಲ್ಲಿ ಹುಟ್ಟಿದವು. ಅವುಗಳನ್ನು ಕಟ್ಟುವ ಸ್ಕ್ರಿಪ್ಟ್‌ಗಳೂ ಲಿನಕ್ಸ್‌ಗೆ ಒಗ್ಗಿದವು. ವಿಂಡೋಸ್‌ನಲ್ಲಿ ಅವೇ ಸ್ಕ್ರಿಪ್ಟ್ ಕುಂಟುತ್ತಾ ಓಡುತ್ತವೆ.

ಎರಡನೆಯದು ದುಡ್ಡು. ಪ್ರತಿ ವಿಂಡೋಸ್ ಮೆಷಿನ್‌ಗೆ ಲೈಸೆನ್ಸ್ ಬೇಕು. ದೇಣಿಗೆಯಿಂದ ನಡೆಯುವ ಸಂಸ್ಥೆಗೆ ಹತ್ತು ಮೆಷಿನ್ ಅಂದರೆ ಹತ್ತು ಖರ್ಚು. ಲಿನಕ್ಸ್‌ಗೆ ಆ ಖರ್ಚಿಲ್ಲ.

ಮೂರನೆಯದು ಕೊಳೆ. ಒಂದೇ ಪಿಸಿಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದರೆ ಏನೇನೋ ಇನ್‌ಸ್ಟಾಲ್ ಆಗಿರುತ್ತದೆ. ಯಾವ ಫೈಲ್ ಎಲ್ಲಿಂದ ಬಂತು ಯಾರಿಗೂ ನೆನಪಿರಲ್ಲ. 'ನನ್ನ ಪಿಸಿಯಲ್ಲಿ ಸರಿಯಾಗಿ ಓಡ್ತಿತ್ತಲ್ಲ ಸಾರ್' ಎಂಬ ಮಾತು ಹುಟ್ಟುವುದೇ ಇಲ್ಲಿ. ಈ ಮೂರನೇ ತೊಂದರೆಗೆ ಮದ್ದು ಕಂಟೇನರ್.

ಕಂಟೇನರ್ ಅಂದ್ರೆ ಏನು?

ಖಾರದಪುಡಿ ಬೀಸಿದ ಗಿರಣಿಯಲ್ಲೇ ಹಿಂದೆಯೇ ನಿಮ್ಮ ರಾಗಿ ಹಾಕಿಸಿದರೆ ಏನಾಗುತ್ತೆ? ಮುದ್ದೆ ಖಾರ. ಅದಕ್ಕೇ ಗಿರಣಿಯವರು ಮೆಣಸಿನಕಾಯಿಗೆ ಬೇರೆ ಮೆಷಿನ್ ಇಟ್ಟಿರುತ್ತಾರೆ. ಈಗ ಪ್ರತಿ ಗಿರಾಕಿಗೂ ಫ್ಯಾಕ್ಟರಿಯಿಂದ ಆಗಷ್ಟೇ ಬಂದ ಹೊಸ ಮೆಷಿನ್ ಕೂರಿಸಿ, ಬೀಸಿ ಆದ ತಕ್ಷಣ ಅದನ್ನು ಎಸೆದುಬಿಡುವ ಗಿರಣಿಯನ್ನು ಊಹಿಸಿಕೊಳ್ಳಿ. ನಿಜವಾದ ಗಿರಣಿಯಲ್ಲಿ ಅದು ಸಾಧ್ಯವಿಲ್ಲ. ಕಂಪ್ಯೂಟರ್‌ನಲ್ಲಿ ಸಾಧ್ಯ, ಅದೂ ಕೆಲವೇ ಸೆಕೆಂಡ್‌ಗಳಲ್ಲಿ.

ಹೆಸರು ಬಂದಿರುವುದು ಹಡಗಿನ ಕಂಟೇನರ್‌ನಿಂದ. 1956ರ ಏಪ್ರಿಲ್ 26ರಂದು ಅಮೆರಿಕದ ನೆವಾರ್ಕ್‌ನಿಂದ ಹೂಸ್ಟನ್‌ಗೆ 'ಐಡಿಯಲ್ ಎಕ್ಸ್' ಎಂಬ ಹಡಗು 58 ಪೆಟ್ಟಿಗೆ ಹೊತ್ತು ಹೊರಟಿತು. ಮಾಲ್ಕಮ್ ಮೆಕ್ಲೀನ್ ಎಂಬ ಲಾರಿ ಮಾಲೀಕರ ಐಡಿಯಾ ಅದು. ಪೆಟ್ಟಿಗೆಯ ಅಳತೆ ಒಂದೇ ಆದರೆ ಒಳಗೆ ಕಾಫಿ ಇರಲಿ, ಗೋಡಂಬಿ ಇರಲಿ, ಕ್ರೇನಿಗೂ ಲಾರಿಗೂ ವ್ಯತ್ಯಾಸ ಇಲ್ಲ. ಇವತ್ತು ನವಮಂಗಳೂರು ಬಂದರಿನಲ್ಲಿ ಕಾಣುವುದೂ ಇದನ್ನೇ.

ಸಾಫ್ಟ್‌ವೇರ್‌ನಲ್ಲಿ ಇದೇ ಐಡಿಯಾ ಜನಪ್ರಿಯವಾಗಿದ್ದು 2013ರಲ್ಲಿ ಡಾಕರ್ ಬಂದ ಮೇಲೆ. ಡಾಕರ್‌ನ ಲೋಗೋ ಕೂಡ ಬೆನ್ನ ಮೇಲೆ ಪೆಟ್ಟಿಗೆ ಹೊತ್ತ ತಿಮಿಂಗಿಲ. ಈಗ ಪಾಡ್‌ಮನ್ ಮುಂತಾದ ಬೇರೆ ಸಲಕರಣೆಗಳೂ ಇವೆ.

ಒಳಗಿನ ಕೆಲಸ ಹೀಗೆ. ವಠಾರದ ಮನೆಗಳಿಗೆ ಬಾವಿ ಒಂದೇ, ಬಾಗಿಲು ಬೇರೆ ಬೇರೆ. ಹಾಗೆಯೇ ಲಿನಕ್ಸ್‌ನ ತಿರುಳು, ಅಂದರೆ ಕರ್ನೆಲ್, ಎಲ್ಲ ಕಂಟೇನರ್‌ಗೂ ಒಂದೇ. ಆದರೆ ಪ್ರತಿ ಕಂಟೇನರ್‌ಗೂ ತನ್ನದೇ ಫೈಲ್‌ಗಳು, ತನ್ನದೇ ನೆಟ್‌ವರ್ಕ್. ಪಕ್ಕದ ಮನೆಯಲ್ಲಿ ಏನಿದೆ ಅಂತ ಕಾಣುವುದಿಲ್ಲ. ಯಾವ ಮನೆಗೆ ಎಷ್ಟು ರ‍್ಯಾಮ್, ಎಷ್ಟು ಪ್ರೊಸೆಸರ್ ಅಂತ ಮಿತಿ ಹಾಕಬಹುದು. ಈ ಮಿತಿ ಹಾಕುವ ಭಾಗವನ್ನು ಗೂಗಲ್ ಇಂಜಿನಿಯರ್‌ಗಳು 2006ರಲ್ಲಿ ಶುರು ಮಾಡಿದರು, 2008ರಲ್ಲಿ ಅದು ಲಿನಕ್ಸ್ ಕರ್ನೆಲ್‌ಗೆ ಸೇರಿತು.

ಕಂಟೇನರ್ ಹೇಗಿರಬೇಕು ಅನ್ನೋದನ್ನು ಒಂದು ಸಣ್ಣ ಪಠ್ಯ ಫೈಲ್‌ನಲ್ಲಿ ಬರೆದಿಡುತ್ತಾರೆ. ಡೆಬಿಯನ್‌ನ ಇಂಥ ಆವೃತ್ತಿ ತಗೋ, ಮಿನ್‌ಜಿಡಬ್ಲ್ಯೂ ಹಾಕು, ಇಂತಿಂಥ ಸಲಕರಣೆ ಸೇರಿಸು. ಇಷ್ಟೇ. ಅಡುಗೆ ಭಟ್ಟರ ಸಾಮಾನು ಚೀಟಿ ಇದ್ದಂತೆ. ಆ ಚೀಟಿಯೂ ಬಹಿರಂಗ. ನೀವೂ ಅದೇ ಚೀಟಿ ಹಿಡಿದು ಅದೇ ಅಡುಗೆಮನೆ ಕಟ್ಟಬಹುದು. ವಿಡಿಯೋಲ್ಯಾನ್ ತನ್ನ ಚೀಟಿಗಳನ್ನೂ ಸಿದ್ಧ ಕಂಟೇನರ್‌ಗಳನ್ನೂ ಹೊರಗಿನವರಿಗೆ ತೆರೆದಿಟ್ಟಿದೆ.

ಒಂದು ಬಿಲ್ಡ್ ಹೇಗೆ ನಡೆಯುತ್ತೆ?

1. ಜಗತ್ತಿನ ಯಾವುದೋ ಮೂಲೆಯಿಂದ ಒಬ್ಬರು ಕೋಡ್‌ನಲ್ಲಿ ಒಂದು ತಿದ್ದುಪಡಿ ಕಳಿಸುತ್ತಾರೆ. ಅದು ವಿಡಿಯೋಲ್ಯಾನ್‌ನ ಗಿಟ್‌ಲ್ಯಾಬ್ ಸರ್ವರ್‌ಗೆ ಬರುತ್ತದೆ.

2. ಸರ್ವರ್ ತಾನಾಗೇ ಹೊಸ ಕಂಟೇನರ್‌ಗಳನ್ನು ಎಬ್ಬಿಸುತ್ತದೆ. ವಿಂಡೋಸ್ 32 ಬಿಟ್‌ಗೆ ಒಂದು, 64 ಬಿಟ್‌ಗೆ ಒಂದು, ಆಂಡ್ರಾಯ್ಡ್‌ಗೆ ಒಂದು, ಹೀಗೆ.

3. ಮೊದಲು ಬೇರೆಯವರ ಲೈಬ್ರರಿಗಳು ಸಿದ್ಧವಾಗಬೇಕು. ವಿಡಿಯೋ ಬಿಡಿಸಲು ಎಫ್‌ಎಫ್‌ಎಂಪೆಗ್, ಎವಿ1 ವಿಡಿಯೋಗೆ ಡೇವ್‌ಡ್, ಅಕ್ಷರ ಮೂಡಿಸಲು ಫ್ರೀಟೈಪ್ ಮತ್ತು ಹಾರ್ಫ್‌ಬಜ್. ಎಲ್ಲವನ್ನೂ ಪ್ರತಿಸಲ ಬೀಸಿದರೆ ಗಂಟೆಗಟ್ಟಲೆ ಹಿಡಿಯುತ್ತದೆ. ಅದಕ್ಕೆ ಮೊದಲೇ ಬೀಸಿಟ್ಟ ಕಟ್ಟನ್ನು ಬಳಸುವ ವ್ಯವಸ್ಥೆಯೂ ಇದೆ.

4. ನಂತರ ವಿಎಲ್‌ಸಿಯ ಸ್ವಂತ ಕೋಡ್ ಕಂಪೈಲ್ ಆಗುತ್ತದೆ. ನಿಮ್ಮ ಪಿಸಿಯಲ್ಲಿ ವಿಎಲ್‌ಸಿ ಫೋಲ್ಡರ್ ತೆರೆದು ನೋಡಿ. ಇಎಕ್ಸ್‌ಇ ಫೈಲ್ ಸಣ್ಣದು. ಅಸಲಿ ಕೆಲಸ ಮಾಡುವುದು 'ಪ್ಲಗಿನ್ಸ್' ಫೋಲ್ಡರ್‌ನಲ್ಲಿರುವ ನೂರಾರು ಡಿಎಲ್‌ಎಲ್‌ಗಳು. ಎಲ್ಲವೂ ಇಲ್ಲೇ ಹುಟ್ಟುತ್ತವೆ.

5. ಕೊನೆಗೆ ಇವೆಲ್ಲ ಸೇರಿ 'ನೆಕ್ಸ್ಟ್, ನೆಕ್ಸ್ಟ್, ಫಿನಿಶ್' ಒತ್ತುವ ಇನ್‌ಸ್ಟಾಲರ್ ಆಗುತ್ತದೆ. ಅದನ್ನು ಮಾಡುವ ಸಲಕರಣೆ ಎನ್‌ಎಸ್‌ಐಎಸ್. ಹಳೇ ಕಾಲದ ವಿನ್‌ಆ್ಯಂಪ್ ಪ್ಲೇಯರ್ ನೆನಪಿದ್ದವರಿಗೆ ಹೇಳಬೇಕು, ಅದನ್ನು ಮಾಡಿದ ನಲ್‌ಸಾಫ್ಟ್ ಕಂಪನಿಯೇ ಇದನ್ನೂ ಶುರು ಮಾಡಿದ್ದು. ಇದೂ ಲಿನಕ್ಸ್‌ನಲ್ಲಿ ಓಡುತ್ತದೆ.

6. ಸಿದ್ಧ ಫೈಲ್ ಹೊರಗೆ ತೆಗೆದಿಟ್ಟು ಕಂಟೇನರ್ ಅಳಿಸಿಹೋಗುತ್ತದೆ. ಮುಂದಿನ ಸಲ ಮತ್ತೆ ಹೊಸದು.

ಎಲ್ಲಾದರೂ ತಪ್ಪಿದರೆ ಪರದೆಯಲ್ಲಿ ಕೆಂಪು ಗುರುತು ಬೀಳುತ್ತದೆ. ತಿದ್ದುಪಡಿ ಕಳಿಸಿದವರಿಗೆ ಯಾವ ಹಂತದಲ್ಲಿ ಕೆಟ್ಟಿತು ಅಂತ ದಾಖಲೆ ಸಿಗುತ್ತದೆ. ಅವರ ಬಳಿ ವಿಂಡೋಸ್ ಪಿಸಿಯೇ ಇಲ್ಲದಿದ್ದರೂ, ತನ್ನ ಬದಲಾವಣೆಯಿಂದ ವಿಂಡೋಸ್ ಬಿಲ್ಡ್ ಕೆಟ್ಟಿದೆಯೋ ಇಲ್ಲವೋ ಅಂತ ಅಲ್ಲೇ ಗೊತ್ತಾಗುತ್ತದೆ.

ಕನ್ನಡದವರಿಗೆ ಇಲ್ಲಿ ಒಂದು ಮಾತು. ಮೇಲೆ ಹೇಳಿದ ಹಾರ್ಫ್‌ಬಜ್ ಲೈಬ್ರರಿಯ ಕೆಲಸವೇ ಒತ್ತಕ್ಷರ, ಗುಣಿತಾಕ್ಷರಗಳನ್ನು ಸರಿಯಾದ ಜಾಗದಲ್ಲಿ ಜೋಡಿಸುವುದು. ಬಿಲ್ಡ್ ಮಾಡುವಾಗ ಅದು ಬಿಟ್ಟುಹೋದರೆ ಪ್ಲೇಯರ್ ಓಡುತ್ತೆ, ಇಂಗ್ಲಿಷ್ ಸಬ್‌ಟೈಟಲ್ ಚೆನ್ನಾಗೇ ಕಾಣುತ್ತೆ. ಆದರೆ 'ಸ್ತ್ರೀ', 'ಶಾಸ್ತ್ರ' ಅಂತ ಬರಬೇಕಾದ ಕಡೆ ಅಕ್ಷರ ಒಡೆದು ಚೆಲ್ಲಾಪಿಲ್ಲಿ ಆಗುತ್ತೆ. ಪ್ಯಾರಿಸ್‌ನಲ್ಲಿ ಕೂತವರ ಕಣ್ಣಿಗೆ ಈ ತಪ್ಪು ಬೀಳುವುದು ಕಷ್ಟ. ಸಾಮಾನು ಚೀಟಿಯಲ್ಲಿ ಒಮ್ಮೆ ಬರೆದಿಟ್ಟು, ಪ್ರತಿಸಲ ಮೆಷಿನ್ನೇ ಅದನ್ನು ಪಾಲಿಸುವುದರಿಂದ ಮರೆತುಹೋಗುವ ಪ್ರಮೇಯ ಕಡಿಮೆ.

ಹಾಗಾದ್ರೆ ಪೂರ್ತಿ ನಂಬಬಹುದಾ?

ಕಂಟೇನರ್ ಮಂತ್ರದಂಡ ಅಲ್ಲ. ಗಿರಣಿ ಹೊಸದಾಗಿದ್ದರೂ ಕಾಳಿನಲ್ಲೇ ಕಲಬೆರಕೆ ಇದ್ದರೆ ಹಿಟ್ಟೂ ಕಲಬೆರಕೆಯೇ.

2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ ಓಪನ್ ಸೋರ್ಸ್ ಲೈಬ್ರರಿಯಲ್ಲಿ ಹಿಂಬಾಗಿಲು ಪತ್ತೆಯಾಗಿ ಇಡೀ ಲೋಕ ಬೆಚ್ಚಿತು. ಮೈಕ್ರೋಸಾಫ್ಟ್‌ನ ಇಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಅವರು ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆ ಎಂಬುದನ್ನು ಬೆನ್ನುಹತ್ತಿ ಅದನ್ನು ಹಿಡಿದರು. ಮುಖ್ಯ ವಿಷಯ ಏನೆಂದರೆ, ಎಲ್ಲರೂ ನೋಡುವ ಕೋಡ್ ಸಂಗ್ರಹದಲ್ಲಿ ಇಲ್ಲದ ಒಂದು ಸ್ಕ್ರಿಪ್ಟ್ ಬಿಡುಗಡೆಯ ಕಟ್ಟಿನಲ್ಲಿ ಮಾತ್ರ ಇತ್ತು. ಹರಡಿಟ್ಟ ಕಾಳೇ ಬೇರೆ, ಚೀಲದಲ್ಲಿ ಕಟ್ಟಿಕೊಟ್ಟದ್ದೇ ಬೇರೆ. ಮನುಷ್ಯರು ಕೈಯಲ್ಲಿ ಕಟ್ಟು ಕಟ್ಟುವ ಬದಲು ಬಹಿರಂಗ ಕೋಡ್‌ನಿಂದಲೇ ಮೆಷಿನ್ ನೇರವಾಗಿ ಕಟ್ಟಬೇಕು ಅಂತ ತಿಳಿದವರು ಒತ್ತಿ ಹೇಳೋದು ಇದಕ್ಕೇ.

ಇದಕ್ಕಿಂತ ಗಟ್ಟಿಯಾದ ಉಪಾಯ ಒಂದಿದೆ. ಒಂದೇ ಕಾಳನ್ನು ಬೇರೆ ಬೇರೆ ಊರಿನ ಹತ್ತು ಜನ ಬೀಸಬೇಕು, ಹತ್ತೂ ಜನರ ಹಿಟ್ಟು ಕಣಕಣವೂ ಒಂದೇ ಇರಬೇಕು. ಒಬ್ಬರದು ಬೇರೆ ಬಂದರೆ ಅಲ್ಲೇನೋ ನಡೆದಿದೆ ಅಂತ ಅರ್ಥ. ವಿಂಡೋಸ್ ಬಳಸುವವರಿಗೂ ಸೇರಿದಂತೆ ಟಾರ್ ಬ್ರೌಸರ್ 2013ರಿಂದ ಈ ರೀತಿ ತಯಾರಾಗುತ್ತಿದೆ. ಬಿಟ್‌ಕಾಯಿನ್ ಕೋರ್ ಎಂಬ ಸಾಫ್ಟ್‌ವೇರ್‌ನ ವಿಂಡೋಸ್ ಫೈಲ್ ಕೂಡ ಲಿನಕ್ಸ್‌ನಲ್ಲೇ ಕ್ರಾಸ್ ಕಂಪೈಲ್ ಆಗುತ್ತದೆ. ಹಲವರು ಪ್ರತ್ಯೇಕವಾಗಿ ಬಿಲ್ಡ್ ಮಾಡಿ, ಫಲಿತಾಂಶ ತಾಳೆ ನೋಡಿ ಸಹಿ ಹಾಕುತ್ತಾರೆ.

ಹೇಳಿದಷ್ಟು ಸುಲಭ ಅಲ್ಲ ಇದು. ಇಎಕ್ಸ್‌ಇ ಫೈಲ್‌ನೊಳಗೆ ತಯಾರಾದ ಸಮಯ ದಾಖಲಾಗುವ ಜಾಗ ಇದೆ. ಎರಡು ಸಲ ಬಿಲ್ಡ್ ಮಾಡಿದರೆ ಸಮಯ ಬದಲಾಗಿ ಫೈಲೂ ಬದಲಾಗುತ್ತದೆ. ಹಾಗಾಗಿ ಎಲ್ಲರೂ ಒಂದೇ ನಿಗದಿತ ಸಮಯ ಬರೆಯುವಂತೆ ಮಾಡಬೇಕು. ಕಂಪೈಲರ್ ಆವೃತ್ತಿ, ಫೋಲ್ಡರ್ ಹೆಸರು, ಫೈಲ್‌ಗಳ ಕ್ರಮ ಎಲ್ಲವೂ ಒಂದೇ ಇರಬೇಕು. ಕಂಟೇನರ್ ಇಲ್ಲದೆ ಇಷ್ಟು ಶಿಸ್ತು ತರುವುದು ಬಹಳ ಕಷ್ಟ.

ಇನ್ನೊಂದು ಮಿತಿ ಪರೀಕ್ಷೆಯದು. ಬ್ಲೌಸ್ ಅಳತೆಗೆ ಹೊಲಿದರೂ ಕೊನೆಗೆ ತೊಟ್ಟು ನೋಡಲೇಬೇಕು. ವೈನ್ ಎಂಬ ಸಾಫ್ಟ್‌ವೇರ್ ಬಳಸಿ ಲಿನಕ್ಸ್‌ನಲ್ಲೇ ಇಎಕ್ಸ್‌ಇ ಓಡಿಸಿ ಒಂದಷ್ಟು ಪರೀಕ್ಷೆ ಮಾಡಬಹುದು. ಆದರೆ ಗ್ರಾಫಿಕ್ಸ್ ಕಾರ್ಡ್, ಸೌಂಡ್ ಇವುಗಳ ಸಮಸ್ಯೆ ಅಸಲಿ ವಿಂಡೋಸ್ ಪಿಸಿಯಲ್ಲೇ ಗೊತ್ತಾಗುವುದು.

ನಮ್ಮ ಹುಡುಗರು ಮಾಡಬಹುದಾ?

ಮಾಡಬಹುದು. ಡಿಗ್ರಿ ಸರ್ಟಿಫಿಕೇಟ್ ಯಾರೂ ಕೇಳಲ್ಲ. 8 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್ ಇದ್ದರೆ ಸಣ್ಣ ಪ್ರೋಗ್ರಾಂಗಳಿಗೆ ಸಾಕು. ಲಿನಕ್ಸ್ ಹಾಕಿಕೊಳ್ಳಿ, ಇಲ್ಲವೇ ವಿಂಡೋಸ್ 10 ಅಥವಾ 11ರ ಒಳಗೇ ಡಬ್ಲ್ಯೂಎಸ್‌ಎಲ್ ಮೂಲಕ ಲಿನಕ್ಸ್ ಓಡಿಸಿ. ಡಾಕರ್ ಅಥವಾ ಪಾಡ್‌ಮನ್ ಹಾಕಿ, ಡೆಬಿಯನ್ ಕಂಟೇನರ್ ಒಳಗೆ ಮಿನ್‌ಜಿಡಬ್ಲ್ಯೂ ಇನ್‌ಸ್ಟಾಲ್ ಮಾಡಿ, ನಾಲ್ಕು ಸಾಲಿನ ಸಿ ಪ್ರೋಗ್ರಾಂ ಒಂದನ್ನು ಇಎಕ್ಸ್‌ಇ ಮಾಡಿ ನೋಡಿ. ಆ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಹಾಕಿ ಯಾವುದಾದರೂ ವಿಂಡೋಸ್ ಪಿಸಿಯಲ್ಲಿ ಓಡಿಸಿ. ಅದು ಓಡಿದರೆ ಮೊದಲ ಪಾಠ ಮುಗೀತು.

ಗೋ ಎಂಬ ಭಾಷೆಯಲ್ಲಿ ಬರೆದರೆ ಇನ್ನೂ ಸುಲಭ. ಪೂರ್ತಿ ಗೋ ಭಾಷೆಯಲ್ಲೇ ಇರುವ ಪ್ರೋಗ್ರಾಂಗೆ ಬೇರೆ ಸಲಕರಣೆ ಬೇಡ. ವಿಂಡೋಸ್‌ಗೆ ಬೇಕು ಅಂತ ಒಂದು ಮಾತು ಹೇಳಿದರೆ ಅದೇ ಇಎಕ್ಸ್‌ಇ ಕೊಡುತ್ತದೆ.

ಆಟೋಮೇಷನ್‌ಗೂ ಖರ್ಚಿಲ್ಲ. ಗಿಟ್‌ಹಬ್‌ನಲ್ಲಿ ನಿಮ್ಮ ಕೋಡ್ ಬಹಿರಂಗವಾಗಿಟ್ಟರೆ, ಅದನ್ನು ಬಿಲ್ಡ್ ಮಾಡುವ ಮೆಷಿನ್‌ಗಳನ್ನು ಅವರೇ ಉಚಿತವಾಗಿ ಕೊಡುತ್ತಾರೆ. ಎಫ್‌ಎಫ್‌ಎಂಪೆಗ್ ಯೋಜನೆ ತಾನಾಗಿ ಕೊಡುವುದು ಸೋರ್ಸ್ ಕೋಡ್ ಮಾತ್ರ, ಇಎಕ್ಸ್‌ಇ ಕೊಡುವುದಿಲ್ಲ. ಇದೇ ಗಿಟ್‌ಹಬ್ ಮೆಷಿನ್‌ಗಳಲ್ಲಿ, ಇದೇ ಕಂಟೇನರ್ ವಿಧಾನದಲ್ಲಿ ಸ್ವಯಂಸೇವಕರು ದಿನವೂ ಅದರ ವಿಂಡೋಸ್ ಫೈಲ್ ತಯಾರಿಸಿ ಇಡುತ್ತಾರೆ. ಮದುವೆ ವಿಡಿಯೋ ಸಣ್ಣದು ಮಾಡಲು ಎಫ್‌ಎಫ್‌ಎಂಪೆಗ್ ಬಳಸುವ ಸ್ಟುಡಿಯೋಗಳಿಗೆ ತಲುಪುವುದು ಇಂಥ ಫೈಲ್‌ಗಳೇ.

ಮುಂದೆ ನೀವೇ ಊರಿನ ಅಂಗಡಿಗಳಿಗೆ ಒಂದು ಬಿಲ್ಲಿಂಗ್ ಪ್ರೋಗ್ರಾಂ ಮಾಡಿಕೊಟ್ಟರೆ, ಗ್ರಾಹಕರಿಗೆ 'ಇದು ಇಂಥ ಕೋಡ್‌ನಿಂದಲೇ ತಯಾರಾಗಿದ್ದು, ನೋಡಿಕೊಳ್ಳಿ' ಎಂದು ತೋರಿಸಬಹುದು. ಪೆನ್‌ಡ್ರೈವ್‌ನಲ್ಲಿ ತಂದು ಕೊಡುವುದಕ್ಕಿಂತ ಆ ಮಾತಿಗೆ ತೂಕ ಜಾಸ್ತಿ.

ಅಂಗಡಿಯವರು ಇಷ್ಟು ಮಾಡಿ

ತಯಾರಿಸುವವರು ಎಷ್ಟೇ ಎಚ್ಚರ ವಹಿಸಿದರೂ ಕೊನೆಯ ಮೆಟ್ಟಿಲು ನಮ್ಮ ಕೈಯಲ್ಲೇ ಇದೆ.

* ಸಾಫ್ಟ್‌ವೇರನ್ನು ತಯಾರಕರ ಸ್ವಂತ ಸೈಟಿನಿಂದಲೇ ಇಳಿಸಿಕೊಳ್ಳಿ. ವಿಎಲ್‌ಸಿ ಆದರೆ ವಿಡಿಯೋಲ್ಯಾನ್ ಡಾಟ್ ಆರ್ಗ್. ಗೂಗಲ್‌ನಲ್ಲಿ ಮೇಲೆ ಬರುವ ಜಾಹೀರಾತು ಲಿಂಕ್ ಒತ್ತಬೇಡಿ.

* ಇನ್‌ಸ್ಟಾಲ್ ಮಾಡುವಾಗ ವಿಂಡೋಸ್ 'ಅನುಮತಿ ಕೊಡಲಾ' ಅಂತ ಕೇಳುತ್ತಲ್ಲ, ಅಲ್ಲಿ ಕಣ್ಣುಮುಚ್ಚಿ 'ಯೆಸ್' ಒತ್ತಬೇಡಿ. ಪಬ್ಲಿಷರ್ ಹೆಸರು ವಿಡಿಯೋಲ್ಯಾನ್ ಅಂತ ಇದೆಯಾ ಓದಿ. 'ಅನ್‌ನೋನ್' ಅಂತ ಹಳದಿ ಬಣ್ಣದಲ್ಲಿ ಬಂದರೆ ಅಲ್ಲಿಗೇ ನಿಲ್ಲಿಸಿ.

* ಪೆನ್‌ಡ್ರೈವ್‌ನಲ್ಲಿ ಬಂದ ಫೈಲ್ ಆದರೆ ರೈಟ್ ಕ್ಲಿಕ್ ಮಾಡಿ 'ಪ್ರಾಪರ್ಟೀಸ್' ತೆರೆದು 'ಡಿಜಿಟಲ್ ಸಿಗ್ನೇಚರ್ಸ್' ಟ್ಯಾಬ್ ನೋಡಿ. ಅಸಲಿ ವಿಎಲ್‌ಸಿ ಇನ್‌ಸ್ಟಾಲರ್‌ಗೆ ಸಹಿ ಇರುತ್ತೆ. ಆ ಟ್ಯಾಬೇ ಇಲ್ಲದಿದ್ದರೆ ಅನುಮಾನ ಪಡಿ.

* ಇನ್ನೂ ಖಚಿತ ಬೇಕಾದರೆ ಶಾ-256 ತಾಳೆ ನೋಡಿ. ಇದು ಫೈಲ್‌ನ ಬೆರಳಚ್ಚು, 64 ಅಕ್ಷರ-ಅಂಕಿಗಳ ಸಾಲು. ಫೈಲ್‌ನಲ್ಲಿ ಒಂದೇ ಒಂದು ಚುಕ್ಕೆ ಬದಲಾದರೂ ಸಾಲು ಪೂರ್ತಿ ಬದಲಾಗುತ್ತದೆ. ನಿಮ್ಮ ಪಿಸಿಯಲ್ಲಿ 7-ಝಿಪ್ ಇದ್ದರೆ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಅದರ ಶಾ ಮೆನುವಿನಲ್ಲಿ ಈ ಸಾಲು ಪಡೆಯಬಹುದು. ವಿಡಿಯೋಲ್ಯಾನ್‌ನ ಡೌನ್‌ಲೋಡ್ ಪುಟದಲ್ಲಿ ಅದೇ ಸಾಲು ಇದೆಯಾ ನೋಡಿ.

* ಸಿಕ್ಲೀನರ್ ಪ್ರಕರಣ ನೆನಪಿಡಿ. ಸಹಿ ಸರಿ ಇದ್ದ ಮಾತ್ರಕ್ಕೆ ಎಲ್ಲವೂ ಸರಿ ಅಂತಲ್ಲ. ಬ್ಯಾಂಕ್ ಕೆಲಸ, ಗ್ರಾಹಕರ ದಾಖಲೆ ಇರುವ ಪಿಸಿಯಲ್ಲಿ ಬೇಕಾದಷ್ಟೇ ಸಾಫ್ಟ್‌ವೇರ್ ಇರಲಿ. ಹಾಡು, ಸಿನಿಮಾ, ಎಡಿಟಿಂಗ್‌ಗೆ ಸಾಧ್ಯವಾದರೆ ಬೇರೆ ಪಿಸಿ ಇಡಿ.

* 'ಕ್ರ್ಯಾಕ್' ಮಾಡಿದ ಸಾಫ್ಟ್‌ವೇರ್‌ಗೆ ಈ ಯಾವ ಪರೀಕ್ಷೆಯೂ ನಡೆಯಲ್ಲ. ಯಾರೋ ಬಿಚ್ಚಿ, ಕೈ ಹಾಕಿ, ಮತ್ತೆ ಕಟ್ಟಿದ್ದೇ ಕ್ರ್ಯಾಕ್. ಹಾಗೆ ಬದಲಾಯಿಸಿದ ಫೈಲ್‌ನಲ್ಲಿ ಅಸಲಿ ಸಹಿ ಸಿಂಧುವಾಗಿ ಉಳಿಯುವುದಿಲ್ಲ. ಅದೇ ಕೆಲಸಕ್ಕೆ ಉಚಿತ ಓಪನ್ ಸೋರ್ಸ್ ಸಾಫ್ಟ್‌ವೇರ್ ಸಿಗುತ್ತಾ ಅಂತ ಮೊದಲು ನೋಡಿ.